ಮಳೆಯನ್ನು ಅಳೆದು ಮೋಟರು ನಿಲ್ಲಿಸಿ



ಮಳೆ ಬಂದ ಕೂಡಲೇ ಮೋಟರನ್ನು ತಾನಾಗಿಯೇ ನಿಲ್ಲಿಸುವ ಉಪಕರಣವನ್ನು ತೋಟಕ್ಕೆ ಹಾಕಿಸಬಹುದೇ, ಅದರಿಂದ ಪ್ರಯೋಜನವಿದೆಯೇ ಎಂದು ಅನೇಕ ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸುತ್ತಿದ್ದಾರೆ. ಅಂಗಡಿಗಳಲ್ಲಿ ಇದಕ್ಕೆ ರೈನ್ ಸೆನ್ಸರ್ ಎಂದು ಹೆಸರು. ಬೆಂಗಳೂರಿನ ಕುರುಬರಹಳ್ಳಿ, ಬಸವೇಶ್ವರನಗರ, ವಿಜಯನಗರಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಸದಸ್ಯರ ಮಕ್ಕಳು ತಮ್ಮ ಮನೆಯ ಕೈತೋಟಕ್ಕೂ, ಊರಿನ ಅಡಿಕೆ, ಕಾಫಿ ತೋಟಕ್ಕೂ ಇದನ್ನು ಹಾಕಿಸುವ ಉತ್ಸಾಹದಲ್ಲಿದ್ದಾರೆ. ಉತ್ಸಾಹ ಒಳ್ಳೆಯದೇ. ಆದರೆ ಈ ಉಪಕರಣ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿದು ಹಣ ಹಾಕುವುದು ಲೇಸು.

ಸಂಕ್ಷೇಪವಾಗಿ ಹೇಳುವುದಾದರೆ, ಅಡಿಕೆಗೆ ಇದರಿಂದ ಪ್ರಯೋಜನವಿದೆ. ಕಾಫಿಗೆ, ಮುಖ್ಯವಾಗಿ ರೊಬಸ್ಟಾಕ್ಕೆ, ತಿಳಿಯದೆ ಹಾಕಿದರೆ ನಷ್ಟವೂ ಉಂಟು. ಎರಡಕ್ಕೂ ಮೊದಲು ಬೇಕಾದುದು ಬೇರೊಂದಿದೆ: ಬಿದ್ದ ಮಳೆ ಎಷ್ಟು ಎಂಬ ಲೆಕ್ಕ. ಈ ಲೇಖನದಲ್ಲಿ ಆ ಲೆಕ್ಕವನ್ನು ಮೊದಲು ನೋಡಿ, ಬಳಿಕ ಉಪಕರಣದ ವಿಚಾರಕ್ಕೆ ಬರೋಣ.

ಹೆಚ್ಚಾದ ನೀರಿನಿಂದಾಗುವ ಹಾನಿ

ನಮ್ಮ ಕಡೆ ತ್ರೀ ಫೇಸ್ ವಿದ್ಯುತ್ತು ಸಿಗುವುದು ದಿನಕ್ಕೆ ಕೆಲವೇ ಗಂಟೆ. ಅದೂ ಅನೇಕ ವೇಳೆ ರಾತ್ರಿ ಹೊತ್ತು. ಆದ್ದರಿಂದ ಸ್ಟಾರ್ಟರನ್ನು ಆಟೋದಲ್ಲಿಟ್ಟು ಮಲಗುವುದು ರೂಢಿಯಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬರುತ್ತದೆ, ಕರೆಂಟು ಹೋಗುತ್ತದೆ. ನಡುರಾತ್ರಿ ಕರೆಂಟು ಬಂದಾಗ ಮೋಟರು ತಾನೇ ಹೊರಡುತ್ತದೆ. ಆಗಲೇ ತೊಯ್ದಿರುವ ಬುಡಕ್ಕೆ ಬೆಳಗಿನವರೆಗೆ ನೀರು ಬೀಳುತ್ತಲೇ ಇರುತ್ತದೆ. 10 ಎಚ್‌.ಪಿ. ವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ ಶುಲ್ಕವಿಲ್ಲದಿರುವುದರಿಂದ ಬಿಲ್ಲು ಬಂದು ನಮ್ಮನ್ನು ಎಚ್ಚರಿಸುವುದೂ ಇಲ್ಲ.

ಅಡಿಕೆ ನೀರು ಬೇಡುವ ಬೆಳೆ. ಆದರೆ ನಿಂತ ನೀರನ್ನು ಸಹಿಸುವ ಬೆಳೆಯಲ್ಲ. ಅದರ ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಬೇರು ಉಸಿರುಕಟ್ಟಿ ಕರಗುತ್ತದೆ. ನೀರು ಬಸಿಯದ, ಕೆಳಗೆ ಗಟ್ಟಿ ಪದರವಿರುವ ತೋಟಗಳಲ್ಲಿ ಹಿಡಿಮುಂಡಿಗೆ ಕಾಣಿಸಿಕೊಳ್ಳುತ್ತದೆ: ಗರಿ ಗಿಡ್ಡವಾಗಿ ಕಡು ಹಸಿರಾಗುತ್ತದೆ, ಗೆಣ್ಣುಗಳು ಹತ್ತಿರವಾಗುತ್ತವೆ, ಕಾಂಡ ಮೇಲಕ್ಕೆ ಹೋದಂತೆ ಸಣಕಲಾಗುತ್ತದೆ. ಅಣಬೆ ರೋಗವೂ ಬಸಿಗಾಲುವೆ ಕೆಟ್ಟ, ನಿಗಾ ಇಲ್ಲದ ತೋಟಗಳಲ್ಲೇ ಹೆಚ್ಚು.

ಅಡಿಕೆ ಮರಕ್ಕೆ ಕರಿಮೆಣಸು ಹಬ್ಬಿಸಿರುವವರು ಇನ್ನೂ ಜಾಗರೂಕರಾಗಿರಬೇಕು. ಮೆಣಸಿನ ಸೊರಗು ರೋಗದ ಶಿಲೀಂಧ್ರ ಹರಡುವುದೇ ಮಣ್ಣಿನ ನೀರಿನ ಮೂಲಕ. ಅಡಿಕೆ ಮರ ವರ್ಷಗಟ್ಟಲೆ ತಡೆದುಕೊಂಡೀತು. ರೋಗ ತಗಲಿದ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಕಳಚಿ ಒಣಗುತ್ತದೆ. ಇದಲ್ಲದೆ, ಹಾಕಿದ ಯೂರಿಯಾ ಮತ್ತು ಪೊಟ್ಯಾಷ್ ಬೇರಿಗೆ ದಕ್ಕದೆ ನೀರಿನೊಂದಿಗೆ ಕೆಳಗಿಳಿದು ಹೋಗುತ್ತವೆ. ಬಾವಿ, ಕೊಳವೆಬಾವಿಯ ವಿಷಯವಂತೂ ಹೇಳಬೇಕಾಗಿಲ್ಲ. ಏಪ್ರಿಲಿನ ಮಳೆಯ ದಿನ ಸುಮ್ಮನೆ ಎತ್ತಿದ ನೀರು ಮೇ ಕೊನೆಯಲ್ಲಿ ಬೇಕೆಂದಾಗ ಬಾವಿಯಲ್ಲಿರುವುದಿಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಒಮ್ಮೆ ಪೂರ್ತಿ ಒಣಗಿಸಿ, ಮತ್ತೆ ಒಮ್ಮೆಗೇ ನೀರು ತುಂಬಿದರೆ ಅಡಿಕೆ ಕಾಯಿ ಸಿಪ್ಪೆ ಬಿರಿದು ಒಡೆಯುತ್ತದೆ. ಇದೇ ಅಂಡೊಡಕ. ಆದ್ದರಿಂದ ಮಳೆ ಬಂತೆಂದು ಹದಿನೈದು ದಿನ ಮೋಟರಿನ ಕಡೆ ತಿರುಗಿ ನೋಡದಿರುವುದೂ ತಪ್ಪೇ. ಬೇಕಾದುದು ಸಮತೋಲ. ಸಮತೋಲಕ್ಕೆ ಅಳತೆ ಬೇಕು.

ಮಳೆಯ ಅಳತೆ

‘ಚೆನ್ನಾಗಿ ಮಳೆ ಆಯಿತು’ ಎಂಬುದು ಅಳತೆಯಲ್ಲ. ಹೆಂಚಿನ ಮೇಲೆ ಸದ್ದು ಮಾಡಿದ ಮಳೆ 6 ಮಿ.ಮೀ. ಇರಬಹುದು, ಸದ್ದಿಲ್ಲದೆ ರಾತ್ರಿಯೆಲ್ಲ ಸುರಿದದ್ದು 30 ಮಿ.ಮೀ. ಇರಬಹುದು.

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆಗೆ ಅದು ಸುಮಾರು 4,047 ಲೀಟರ್. ನಮ್ಮ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ ಹೇಳುವ ರೂಢಿ ಹಿಂದಿನಿಂದ ಬಂದಿದೆ. 100 ಸೆಂಟ್ ಸೇರಿದರೆ 1 ಇಂಚು, ಅಂದರೆ 25.4 ಮಿ.ಮೀ.; 4 ಸೆಂಟ್ ಸುಮಾರು 1 ಮಿ.ಮೀ. (ಇದು ಜಮೀನಿನ ಸೆಂಟ್ ಅಲ್ಲವೆಂದು ಹೊಸಬರು ಗಮನಿಸಬೇಕು.) ಹಳೆಯ ಎಸ್ಟೇಟುಗಳ ಮಳೆ ಪುಸ್ತಕಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಸಣ್ಣ ಬೆಳೆಗಾರರಾದ ನಮ್ಮಲ್ಲಿ ಆ ಪುಸ್ತಕ ಇಡುವವರು ಕಡಿಮೆ.

ಮಳೆ ಮಾಪಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಬಾಯಿ 16 ಸೆಂ.ಮೀ. ಅಗಲವಿರುವ ಒಂದು ಆಲಿಕೆಯನ್ನು ದೊಡ್ಡ ಬಾಟಲಿಯ ಮೇಲೆ ಭದ್ರವಾಗಿ ಕೂರಿಸಿ. ಈ ಅಗಲದ ಆಲಿಕೆಯ ಬಾಯಿ ಸುಮಾರು 200 ಚದರ ಸೆಂ.ಮೀ. ಆಗುತ್ತದೆ. ಆದುದರಿಂದ ಬಾಟಲಿಯಲ್ಲಿ ಸೇರಿದ ಪ್ರತಿ 20 ಮಿಲಿ ಲೀಟರ್ ನೀರು 1 ಮಿ.ಮೀ. ಮಳೆ. ಔಷಧದ ಅಂಗಡಿಯಲ್ಲಿ ಸಿಗುವ 20 ಮಿಲಿ ಸಿರಿಂಜಿನಿಂದ ಅಳೆದರೆ ಲೆಕ್ಕ ಸುಲಭ: ಎಷ್ಟು ಸಿರಿಂಜು ನೀರೋ ಅಷ್ಟು ಮಿ.ಮೀ. ಮಳೆ. ಬಾಟಲಿ 2 ಲೀಟರಿನದಾದರೆ 100 ಮಿ.ಮೀ. ಮಳೆಯನ್ನು ಹಿಡಿಯುತ್ತದೆ.

ಇದನ್ನು ಇಡುವ ಜಾಗ ಮುಖ್ಯ. ಮರದಡಿಯಲ್ಲಿ, ಸೂರಿನ ಬಳಿಯಲ್ಲಿ ಇಡಬಾರದು. ಹತ್ತಿರದ ಮರ ಅಥವಾ ಕಟ್ಟಡ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರವಿರಬೇಕು. ಕಾಫಿ ಕಣವಾಗಲಿ, ಅಡಿಕೆ ಒಣಗಿಸುವ ಅಂಗಳವಾಗಲಿ ಸಾಮಾನ್ಯವಾಗಿ ಸರಿಯಾದ ಜಾಗ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಿರಿ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಲೆಕ್ಕ ಹಾಕುವುದು ಬೆಳಿಗ್ಗೆ 8.30ಕ್ಕೆ, ನಮ್ಮ ಅಂಕಿಯನ್ನು ಅವರ ಅಂಕಿಯೊಡನೆ ಹೋಲಿಸಲು ಅನುಕೂಲ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆ ಮಾಪಕಗಳನ್ನು ಇರಿಸಿದೆ. ಅದರ ವರದಿ ಉಪಯುಕ್ತವೇ. ಆದರೆ ಬೇಸಿಗೆಯ ಗುಡುಗು ಮಳೆ ಗುಡ್ಡದ ಈಚೆ ಸುರಿದು ಆಚೆ ಹನಿಯೂ ಬೀಳದಿರುವುದನ್ನು ನಾವೆಲ್ಲ ಬಲ್ಲೆವು. ಪಂಚಾಯಿತಿಯ ಮಳೆ ನಮ್ಮ ತೋಟದ ಮಳೆಯಲ್ಲ.

ಅಡಿಕೆಗೆ ಲೆಕ್ಕ

ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ, ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಸಾಕು. ನಾವು 18 ಲೀಟರ್ ಎಂದು ಇಟ್ಟುಕೊಳ್ಳೋಣ. 2.7 ಮೀಟರ್, ಅಂದರೆ ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಒಂದು ಮರದ ಪಾಲಿಗೆ ಸುಮಾರು 7.3 ಚದರ ಮೀಟರ್ ನೆಲ ಬರುತ್ತದೆ. ಆದ್ದರಿಂದ 1 ಮಿ.ಮೀ. ಮಳೆಯಿಂದ ಆ ಮರದ ಪಾಲಿಗೆ 7.3 ಲೀಟರ್ ನೀರು ಬಿದ್ದಂತಾಯಿತು.

ಬಿದ್ದದ್ದೆಲ್ಲ ಬೇರಿಗೆ ಸೇರುವುದಿಲ್ಲ. ಗರಿ, ದರಗು ಸ್ವಲ್ಪ ಹಿಡಿಯುತ್ತವೆ, ಸ್ವಲ್ಪ ಹರಿದು ಹೋಗುತ್ತದೆ, ಸ್ವಲ್ಪ ಆವಿಯಾಗುತ್ತದೆ. ಎಚ್ಚರಿಕೆಗಾಗಿ ಅರ್ಧ ಮಾತ್ರ ದಕ್ಕಿತೆಂದು ಹಿಡಿದರೆ ಕೆಳಗಿನ ಲೆಕ್ಕ ಬರುತ್ತದೆ. ಇದನ್ನು ಬರೆದು ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಅಂಟಿಸಬಹುದು.

5 ಮಿ.ಮೀ. (20 ಸೆಂಟ್) ಒಳಗಿನ ಮಳೆ: ಲೆಕ್ಕಕ್ಕಿಲ್ಲ; ಎಂದಿನಂತೆ ನೀರು ಕೊಡಿ.
5 ಮಿ.ಮೀ. ಆದರೆ: 1 ದಿನ ಬಿಡುವು.
10 ಮಿ.ಮೀ. ಆದರೆ: 2 ದಿನ ಬಿಡುವು.
20 ಮಿ.ಮೀ. ಆದರೆ: 4 ದಿನ ಬಿಡುವು.
25 ಮಿ.ಮೀ. (ಒಂದು ಇಂಚು) ಆದರೆ: 5 ದಿನ ಬಿಡುವು.
40 ಮಿ.ಮೀ. ಮತ್ತು ಮೇಲ್ಪಟ್ಟು: 7 ದಿನ ಬಿಡುವು, ಅದಕ್ಕಿಂತ ಹೆಚ್ಚಿಲ್ಲ.

ಏಳು ದಿನದ ಮಿತಿ ಏಕೆಂದರೆ, ಮಣ್ಣು ಹಿಡಿದಿಟ್ಟುಕೊಳ್ಳುವ ನೀರಿಗೂ ಒಂದು ಮಿತಿಯಿದೆ. ನಾಲ್ಕು ಇಂಚು ಮಳೆ ಒಮ್ಮೆಗೇ ಸುರಿದರೂ ಹೆಚ್ಚಿನದು ಬಸಿದು ಹಳ್ಳ ಸೇರುತ್ತದೆ. ಜಂಬಿಟ್ಟಿಗೆ ಮಣ್ಣಿನ ಇಳಿಜಾರು ತೋಟದಲ್ಲಿ ಬಿಡುವನ್ನು ಒಂದೆರಡು ದಿನ ಕಡಿಮೆ ಮಾಡಬೇಕಾದೀತು. ಕಣಿವೆಯ ಜೇಡಿ ಮಣ್ಣಿನಲ್ಲಿ ಹೆಚ್ಚಿಸಬೇಕಾದೀತು. ಇದಕ್ಕೆ ಪರೀಕ್ಷೆ ಸರಳ. ಬುಡದಿಂದ ಎರಡಡಿ ದೂರದಲ್ಲಿ ಗೇಣುದ್ದ ಕೆದಕಿ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿ. ಉಂಡೆಯಾಗಿ ನಿಂತರೆ ನೀರು ಬೇಡ. ಪುಡಿಯಾಗಿ ಉದುರಿದರೆ ಮೋಟರು ಹಾಕಿ. ಬೆರಳ ಸಂದಿಯಲ್ಲಿ ನೀರು ಒಸರಿದರೆ ಬಸಿಗಾಲುವೆಯನ್ನು ನೋಡಿ.

ಒಂದು ಎಕರೆಯಲ್ಲಿ ಸುಮಾರು 550 ಮರಗಳಿದ್ದರೆ ದಿನಕ್ಕೆ ಕೊಡುವ ನೀರು ಹತ್ತು ಸಾವಿರ ಲೀಟರಿಗೆ ಹತ್ತಿರ. ಒಂದು ಇಂಚು ಮಳೆಯನ್ನು ಗುರುತಿಸಿ ಐದು ದಿನ ಮೋಟರು ನಿಲ್ಲಿಸಿದವರು ಎಕರೆಗೆ ಐವತ್ತು ಸಾವಿರ ಲೀಟರ್ ನೀರನ್ನು ಬಾವಿಯಲ್ಲೇ ಉಳಿಸಿದಂತಾಯಿತು.

ಕಾಫಿಗೆ ಲೆಕ್ಕ ಬೇರೆ

ಅಡಿಕೆ ತೋಟದಲ್ಲಿ ಮಳೆ ಬಂದರೆ ಮೋಟರು ನಿಲ್ಲಬೇಕು. ರೊಬಸ್ಟಾ ತೋಟದಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಅರೆಬರೆ ಮಳೆ ಬಂದರೆ ಮೋಟರು ಹೊರಡಬೇಕು! ಇದೇ ಈ ಪಾಠದ ಮುಖ್ಯಾಂಶ.

ಬೇಸಿಗೆಯ ಒಣ ಹವೆಯಲ್ಲಿ ಕಾಫಿಯ ಮೊಗ್ಗು ನಿದ್ರಿಸುತ್ತಿರುತ್ತದೆ. ಹೂಮಳೆ ಅದನ್ನು ಎಬ್ಬಿಸುತ್ತದೆ. ಸುಮಾರು ಒಂದು ವಾರ, ಹತ್ತು ದಿನಗಳಲ್ಲಿ ಹೂ ಅರಳುತ್ತದೆ. ಇದಕ್ಕೆ ರೊಬಸ್ಟಾಕ್ಕೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಇಂಚು ನೀರು ಬೇಕು. ಹೂವಾದ ಮೇಲೆ ಎರಡು ಮೂರು ವಾರಗಳೊಳಗೆ ಸುಮಾರು ಒಂದು ಇಂಚಿನ ಬ್ಯಾಕಿಂಗ್ ಮಳೆ ಅಥವಾ ಸ್ಪ್ರಿಂಕ್ಲರ್ ನೀರು ಸಿಕ್ಕರೆ ಕಾಯಿ ಕಚ್ಚುತ್ತದೆ.

ಈಗ 30 ಸೆಂಟ್ ಮಳೆ ಬಂತೆಂದು ಭಾವಿಸಿ. ಮೊಗ್ಗು ಎಚ್ಚರವಾಯಿತು, ಆದರೆ ಅರಳಲು ಸಾಕಷ್ಟು ನೀರಿಲ್ಲ. ಹೂ ಸರಿಯಾಗಿ ಬಿಚ್ಚದೆ ಕೆಂಪಾಗಿ ಒಣಗಬಹುದು, ಇಲ್ಲವೇ ಅಲ್ಲಲ್ಲಿ ಅರೆಬರೆಯಾಗಿ ಅರಳಬಹುದು. ಆ ವರ್ಷದ ಬೆಳೆಯೇ ಇದರಲ್ಲಿ ಅಡಗಿದೆ. ಈ ಸಂದರ್ಭದಲ್ಲಿ ಸೆನ್ಸರ್ ‘ಮಳೆ ಬಂತು’ ಎಂದು ಸ್ಪ್ರಿಂಕ್ಲರನ್ನು ನಿಲ್ಲಿಸಿಬಿಟ್ಟರೆ ಹಣ ಕೊಟ್ಟು ನಷ್ಟ ತಂದುಕೊಂಡಂತೆ. ಮಾಡಬೇಕಾದುದು ಇಷ್ಟು: ಮಾಪಕ ನೋಡಿ, 30 ಸೆಂಟ್ ಬಿದ್ದಿದ್ದರೆ ಉಳಿದ 70ರಿಂದ 120 ಸೆಂಟನ್ನು ತಡಮಾಡದೆ, ಸಾಧ್ಯವಾದರೆ ಮರುದಿನವೇ, ಸ್ಪ್ರಿಂಕ್ಲರಿನಿಂದ ಪೂರೈಸುವುದು. ಒಂದೂವರೆ ಇಂಚು ಮಳೆಯೇ ಬಿದ್ದಿದ್ದರೆ ಪೈಪು ಎಳೆಯುವ ಕೆಲಸವಿಲ್ಲ.

ಸ್ಪ್ರಿಂಕ್ಲರ್ ಎಷ್ಟು ನೀರು ಕೊಡುತ್ತಿದೆ ಎಂಬುದನ್ನೂ ಅಳೆಯಬೇಕು. ನೆಟ್ಟಗಿನ ಗೋಡೆಯ ಆರೇಳು ಖಾಲಿ ಡಬ್ಬಿಗಳನ್ನು ಜೆಟ್ಟಿನ ಸುತ್ತ ಬೇರೆ ಬೇರೆ ದೂರದಲ್ಲಿಟ್ಟು, ಒಂದು ಗಂಟೆ ಓಡಿಸಿ, ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿ ಸರಾಸರಿ ತೆಗೆಯಿರಿ. ಗಂಟೆಗೆ 8 ಮಿ.ಮೀ. ಬಂದರೆ ಒಂದು ಇಂಚಿಗೆ ಮೂರು ಗಂಟೆಗಿಂತ ತುಸು ಹೆಚ್ಚು ಸಮಯ ಬೇಕು. ಹೂ ಅರಳಿದ ದಿನ ಮಾತ್ರ ಸ್ಪ್ರಿಂಕ್ಲರ್ ಹಾಕಲೇಬಾರದು. ರೊಬಸ್ಟಾ ಒಂದು ಗಿಡದ ಪರಾಗದಿಂದ ಇನ್ನೊಂದು ಗಿಡ ಕಾಯಿ ಕಟ್ಟುವ ಜಾತಿ. ಪರಾಗ ತೊಳೆದು ಹೋದರೆ ಹೂ ಇದ್ದೂ ಕಾಯಿ ಇಲ್ಲ.

ಸೆನ್ಸರ್‌ಗಳ ಬಗೆ

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ.

ಮೊದಲನೆಯದು ಬಿಲ್ಲೆಯ ಸೆನ್ಸರ್. ಇದರಲ್ಲಿ ನೀರು ಹೀರಿ ಉಬ್ಬುವ ಬಿಲ್ಲೆಗಳಿರುತ್ತವೆ. ಉಬ್ಬಿದಾಗ ಅವು ಒಂದು ಸ್ವಿಚ್ಚನ್ನು ಒತ್ತಿ ವಿದ್ಯುತ್ತಿನ ದಾರಿ ಕಡಿಯುತ್ತವೆ. ಒಣಗಿದಾಗ ಮತ್ತೆ ಕೂಡಿಸುತ್ತವೆ. ಎಷ್ಟು ಮಿ.ಮೀ. ಮಳೆಗೆ ನಿಲ್ಲಬೇಕೆಂಬುದನ್ನು ಮುಚ್ಚಳ ತಿರುಗಿಸಿ ಗೊತ್ತುಮಾಡಬಹುದು. ಬೆಲೆ ಕಡಿಮೆ, ಕೆಡುವ ಭಾಗವೂ ಕಡಿಮೆ. ಆದರೆ ಮಲೆನಾಡಿನ ಮಂಜು, ಇಬ್ಬನಿ ಇರುವ ಕಡೆ ಬಿಲ್ಲೆ ಬೇಗ ಒಣಗುವುದಿಲ್ಲ.

ಎರಡನೆಯದು ತೇವ ತಾಗಿದರೆ ಸುದ್ದಿ ಕೊಡುವ ತಗಡಿನ ಸೆನ್ಸರ್. ಹನಿ ಬಿದ್ದೊಡನೆ ಇದು ಕೆಲಸ ಮಾಡುತ್ತದೆ. ಆದರೆ 1 ಮಿ.ಮೀ. ಮಳೆಗೂ 40 ಮಿ.ಮೀ. ಮಳೆಗೂ ವ್ಯತ್ಯಾಸ ತಿಳಿಯದು. ಇಬ್ಬನಿಯನ್ನೂ ಮಳೆಯೆಂದು ತಿಳಿಯುತ್ತದೆ. ತೋಟಕ್ಕೆ ಇದು ತಕ್ಕುದಲ್ಲ.

ಮೂರನೆಯದು ಮಗುಚುವ ಬಟ್ಟಲಿನ ಮಾಪಕ. ಆಲಿಕೆಯ ಕೆಳಗೆ ತಕ್ಕಡಿಯಂತೆ ಎರಡು ಪುಟ್ಟ ಬಟ್ಟಲುಗಳಿದ್ದು, ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೇರುತ್ತದೆ. ಪ್ರತಿ ಮಗುಚುವಿಕೆ ಸಾಮಾನ್ಯವಾಗಿ 0.2 ಮಿ.ಮೀ. ಎಂದು ಎಣಿಕೆಯಾಗುತ್ತದೆ. ಬೆಲೆ ಹೆಚ್ಚಾದರೂ ಅಂಕಿ ಕೊಡುವುದು ಇದೊಂದೇ. ಅಡಿಕೆ, ಕಾಫಿ ಎರಡೂ ಇರುವ ತೋಟಕ್ಕೆ ಇದೇ ಸರಿ. 200 ಚದರ ಸೆಂ.ಮೀ. ಬಾಯಿಯ ಮಾಪಕವಾದರೆ 100 ಮಿಲಿ ನೀರನ್ನು ನಿಧಾನವಾಗಿ ಹನಿಸಿ ಪರೀಕ್ಷಿಸಿ: 25 ಸಲ ಮಗುಚಿ 5 ಮಿ.ಮೀ. ತೋರಿಸಬೇಕು. ತೋರಿಸದಿದ್ದರೆ ಮಟ್ಟವಾಗಿ ಕೂತಿಲ್ಲ, ಇಲ್ಲವೇ ಕಸ ಸೇರಿದೆ.

ಜೋಡಣೆಯಲ್ಲಿ ಎಚ್ಚರಿಕೆ

1. ಸ್ಪ್ರಿಂಕ್ಲರಿನ ನೀರು ಸೆನ್ಸರಿಗೆ ತಾಗಬಾರದು. ತಾಗಿದರೆ ತನ್ನ ನೀರನ್ನೇ ಮಳೆಯೆಂದು ಬಗೆದು ಮೋಟರು ನಿಲ್ಲಿಸುತ್ತದೆ.

2. ಸೆನ್ಸರಿನ ಸ್ವಿಚ್ಚು ಅಲ್ಪ ವಿದ್ಯುತ್ತಿಗೆ ಮಾತ್ರ ತಯಾರಾದುದು. ಪಂಪಿನ ಲೈನನ್ನು ಅದರ ಮೂಲಕ ಹಾಯಿಸಲೇಬಾರದು. ಸ್ಟಾರ್ಟರಿನ ಕಾಯಿಲಿಗೆ ಎರಡು ಫೇಸಿನ ನಡುವಿನ 415 ವೋಲ್ಟ್ ಇರುವುದುಂಟು. ಅದನ್ನೂ ನೇರವಾಗಿ ಜೋಡಿಸಬಾರದು. ನಡುವೆ ರಿಲೇ ಇಟ್ಟು, ಸೆನ್ಸರಿನ ತಂತಿಯಲ್ಲಿ 12 ಅಥವಾ 24 ವೋಲ್ಟ್ ಮಾತ್ರ ಹರಿಯುವಂತೆ ಮಾಡಬೇಕು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ಒದ್ದೆ ಕೈಯಲ್ಲಿ ನಾವು ಮಾಡುವ ಕೆಲಸವಲ್ಲ.

3. ಬಯಲಿನ ಕಂಬದಿಂದ ಮನೆಗೆ ಎಳೆದ ಉದ್ದ ತಂತಿಗೆ ಸಿಡಿಲಿನ ಭಯವಿದೆ. ಅರ್ಥಿಂಗ್ ಸರಿಯಾಗಿರಲಿ.

4. ಸೆನ್ಸರನ್ನು ಬದಿಗಿಟ್ಟು ಮೋಟರು ನಡೆಸುವ ಒಂದು ಸ್ವಿಚ್ಚು ಇರಲೇಬೇಕು. ಹೂಮಳೆಯ ಕಾಲದಲ್ಲಿ ಕಾಫಿಯ ಲೈನಿಗೆ ಅದನ್ನೇ ಬಳಸಬೇಕು.

5. ತಿಂಗಳಿಗೊಮ್ಮೆ ಆಲಿಕೆ ಬಿಚ್ಚಿ ನೋಡಿ. ದರಗು, ಜೇಡರಬಲೆ, ಇರುವೆ, ಕಣಜದ ಗೂಡು ಇವುಗಳಿಗೆ ಅದು ಮೆಚ್ಚಿನ ಜಾಗ.

ದೂರದಿಂದ ಮೋಟರು ಹಾಕುವವರಿಗೆ

ಈಗ ಮೊಬೈಲಿನಿಂದ ನಡೆಯುವ ಸ್ಟಾರ್ಟರುಗಳು ಬಂದಿವೆ. ಅಪ್ಪ ಅಮ್ಮನಿಗೆ ರಾತ್ರಿ ಪಂಪಿನ ಮನೆಗೆ ಹೋಗುವ ಕಷ್ಟ ತಪ್ಪಲೆಂದು ಕುರುಬರಹಳ್ಳಿಯಲ್ಲಿ ಕುಳಿತ ಮಗ ಊರಿನ ಮೋಟರನ್ನು ಹಾಕುತ್ತಾನೆ. ಸಂತೋಷದ ವಿಷಯ. ಆದರೆ ಅವನ ಕಿಟಕಿಯಾಚೆ ಬಿಸಿಲಿದೆಯೆಂದು ಊರಿನಲ್ಲೂ ಬಿಸಿಲಿರಬೇಕಾಗಿಲ್ಲ. ಗುಂಡಿ ಒತ್ತುವ ಮೊದಲು ಊರಿಗೆ ಒಂದು ಫೋನು ಮಾಡಲಿ. ‘ಅಪ್ಪಾ, ಮೋಟರು ಹಾಕಲಾ?’ ಎಂದರೆ, ‘ನಿನ್ನೆ ಹದಿನೆಂಟು ಮಿ.ಮೀ. ಆಗಿದೆ, ಇನ್ನು ಮೂರು ದಿನ ಬೇಡ ಮಗಾ’ ಎಂಬ ಉತ್ತರ ಬರಬೇಕು. ಈ ಉತ್ತರ ಕೊಡಲು ಅಂಗಳದಲ್ಲಿ ಬಾಟಲಿಯೂ ಗೋಡೆಯಲ್ಲಿ ಪುಸ್ತಕವೂ ಇದ್ದರೆ ಸಾಕು.

ಆ ಮಗನ ಬೆಂಗಳೂರಿನ ಮನೆಗೂ ಇದೇ ಪಾಠ ಸಲ್ಲುತ್ತದೆ. ಅಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುವ ನೀರು. 2017ರ ಅಕ್ಟೋಬರ್ 13ರ ರಾತ್ರಿಯ ಮಳೆಗೆ ಇದೇ ಕುರುಬರಹಳ್ಳಿಯಲ್ಲಿ ಜೀವಹಾನಿಯಾಯಿತು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದು, ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಆಜ್ಞೆ ಹೊರಡಿಸಿತು. ವರ್ಷಕ್ಕೆ ಸಾವಿರ ಮಿ.ಮೀ.ಗೆ ಹತ್ತಿರ ಮಳೆ ಬೀಳುವ ಊರಿನ ಕಥೆ ಇದು. 30–40 ಅಡಿ ನಿವೇಶನದ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು.

ಅಂಥ ಮನೆಯ ಕೈತೋಟಕ್ಕೆ ಟೈಮರಿನಿಂದ ನೀರು ಬಿಡುವವರು ಬಿಲ್ಲೆಯ ಸೆನ್ಸರ್ ಹಾಕಿಸಿದರೆ ಸಾಕು. ವಾಲ್ವಿನ 24 ವೋಲ್ಟ್ ತಂತಿಯ ನಡುವೆಯೇ ಅದನ್ನು ಸೇರಿಸಬಹುದು. ಐದಾರು ಮಿ.ಮೀ.ಗೆ ಗೊತ್ತುಮಾಡಿ, ತೆರೆದ ತಾರಸಿಯ ಅಂಚಿಗೆ ಕಟ್ಟಬೇಕು. ಮಳೆ ತಾಗದ ಬಾಲ್ಕನಿಯ ಕುಂಡಗಳಿಗೆ ಮಾತ್ರ ಬೇರೆ ಲೈನು ಇರಲಿ.

ಸದಸ್ಯರಲ್ಲಿ ವಿನಂತಿ

ಸೆನ್ಸರ್ ಕೊಳ್ಳುವುದು ಅವರವರ ಅನುಕೂಲ. ಮಾಪಕವಿಡುವುದು ಮಾತ್ರ ಎಲ್ಲರಿಗೂ ಸಾಧ್ಯ. ಈ ಬೇಸಿಗೆಯಲ್ಲಿ ಮೊದಲ ಮಳೆಗೆ ಮುಂಚೆ ಮೂರು ಕೆಲಸ ಮಾಡಿ. ಆಲಿಕೆ, ಬಾಟಲಿ, ಸಿರಿಂಜು ಹೊಂದಿಸಿ ಅಂಗಳದಲ್ಲಿಡಿ. ಒಂದು ನೋಟು ಪುಸ್ತಕದಲ್ಲಿ ದಿನಾಂಕ, ಮಳೆ, ಮೋಟರು ಓಡಿದ ಗಂಟೆ ಎಂದು ಮೂರು ಕಲಮು ಎಳೆಯಿರಿ. ಮೋಡ ಕಟ್ಟಿದ ಸಂಜೆ ಮಲಗುವ ಮುನ್ನ ಅಡಿಕೆಯ ಸ್ಟಾರ್ಟರನ್ನು ಆಟೋದಿಂದ ತೆಗೆಯಿರಿ. ಅಕ್ಕಪಕ್ಕದ ನಾಲ್ಕಾರು ತೋಟದವರು ತಮ್ಮ ಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಯಾವ ಇಳಿಜಾರಿಗೆ ಎಷ್ಟು ಬಿಡುವು ತಕ್ಕುದು ಎಂಬುದು ಎರಡು ಬೇಸಿಗೆಯೊಳಗೆ ತಿಳಿದುಬರುತ್ತದೆ. ಪುಸ್ತಕವನ್ನು ಸಂಘದ ಕಚೇರಿಗೆ ತಂದರೆ ಕೂಡಿ ಲೆಕ್ಕ ನೋಡೋಣ.

– ಕಾರ್ಯದರ್ಶಿ